ಕ್ಯಾಂಪಿನ ಗೇಟಿನ ನಾಲ್ಕು ಪದ

ಮದುವೆಯಾಗಿ ದುಬೈಗೆ ಬಂದಿಳಿದ ದಿನವೇ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಹೆಂಗಸೊಬ್ಬಳ ಮೇಲಾಗಿದ್ದರೆ ಜಗಳ ತೆಗೆದು, ಅತ್ತು ಕರೆದು, ಏನೋ ಒಂದು ದಾರಿ ಮಾಡಿಕೊಳ್ಳುತ್ತಿದ್ದೆ. ನನಗೆ ಕಿಚ್ಚು ಹತ್ತಿದ್ದು ನಾಲ್ಕು ಇಂಗ್ಲಿಷ್ ಪದಗಳ ಮೇಲೆ, ಆ ಪದಗಳನ್ನು ನನ್ನ ಗಂಡನ ಜೊತೆ ಹಂಚಿಕೊಂಡಿದ್ದ ಒಬ್ಬ ಗಂಡಸಿನ ಮೇಲೆ.

ವಿಮಾನ ನಿಲ್ದಾಣದಿಂದ ನಾವಿಬ್ಬರೂ ಒಂದೇ ಟ್ರಾಲಿಯನ್ನು ತಳ್ಳುತ್ತ ಹೊರಗೆ ಬರುತ್ತಿದ್ದೆವು. ಎದುರಿನ ಜನರ ನಡುವಿನಿಂದ ಚೌಕುಳಿ ಶರ್ಟಿನ, ಸ್ವಲ್ಪ ದಪ್ಪಗಿನ ಒಬ್ಬರು ಮುಂದೆ ಬಂದು, ಸೈನಿಕರ ಹಾಗೆ ಹಣೆಗೆ ಕೈಯಿಟ್ಟು, "ಆನರ್ ಫಸ್ಟ್!" ಎಂದು ಕೂಗಿದರು. ನನ್ನ ಗಂಡ ಟ್ರಾಲಿ ಬಿಟ್ಟರು. ಬೆನ್ನು ನೆಟ್ಟಗೆ ಮಾಡಿ ನಿಂತು, ಅವರೂ ಸಲ್ಯೂಟ್ ಹೊಡೆದು, "ಫ್ರೀಡಂ ಆಲ್ವೇಸ್!" ಎಂದರು. ಆಮೇಲೆ ಇಬ್ಬರೂ ತಬ್ಬಿಕೊಂಡು ನಕ್ಕ ನಗು ನೋಡಬೇಕಿತ್ತು. ಮದುವೆಯಾದ ಮೇಲೆ ಊರಿನಲ್ಲಿ ಕಳೆದ ಅಷ್ಟೂ ದಿನ ನನ್ನ ಗಂಡ ಹಾಗೆ ನಕ್ಕಿರಲಿಲ್ಲ. ನನಗೆ ಸಿಕ್ಕಿದ್ದು ಅಳೆದು ತೂಗಿ ಕೊಟ್ಟ ಮುಗುಳ್ನಗೆ. ನಾನು ಜಾರುತ್ತಿದ್ದ ಟ್ರಾಲಿಯನ್ನು ಹೊಟ್ಟೆಯಿಂದ ತಡೆದು ನಿಲ್ಲಿಸಿಕೊಂಡು, ಇವರಿಬ್ಬರ ನಗು ಮುಗಿಯಲಿ ಎಂದು ಕಾದೆ.

ಆ ಮನುಷ್ಯ ಭಟ್ಕಳದವರು. ದುಬೈಯಲ್ಲಿ ಸಮವಸ್ತ್ರ ಹೊಲಿಯುವ, ಬಟ್ಟೆಯ ಮೇಲೆ ಕಂಪನಿಗಳ ಹೆಸರು ಕಸೂತಿ ಹಾಕಿಕೊಡುವ ಸಣ್ಣ ಅಂಗಡಿ ಇಟ್ಟವರು. ನಮ್ಮ ಮನೆಯಲ್ಲಿ ಅವರಿಗೆ ಹೆಸರಿಲ್ಲ, ಎಲ್ಲರಿಗೂ ಭಾಯಿ. ನನ್ನ ಗಂಡ ಮತ್ತು ಭಾಯಿ, ನಾನು ಈ ಕತೆಯೊಳಗೆ ಬರುವ ಮೊದಲು, ದುಬೈಯ ಒಬ್ಬ ಕಂಟ್ರಾಕ್ಟರ್ ಮೂಲಕ ಯುದ್ಧ ನಡೆಯುತ್ತಿದ್ದ ದೇಶವೊಂದರ ಮಿಲಿಟರಿ ಕ್ಯಾಂಪಿನಲ್ಲಿ ಕೆಲಸ ಮಾಡಿದ್ದರು. ಇವರು ಅಡುಗೆಮನೆಯಲ್ಲಿ. ಭಾಯಿ ಅಲ್ಲಿನ ಟೈಲರ್ ಶೆಡ್ಡಿನಲ್ಲಿ, ಸೈನಿಕರ ಅಂಗಿಗೆ ಬ್ಯಾಡ್ಜು ಹೊಲಿಯುತ್ತ. 'ಆನರ್ ಫಸ್ಟ್, ಫ್ರೀಡಂ ಆಲ್ವೇಸ್' ಎಂಬುದು ಆ ಕ್ಯಾಂಪಿನ ಧ್ಯೇಯವಾಕ್ಯವಂತೆ. ಗೇಟಿನ ಮೇಲಿನ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿತ್ತಂತೆ. ಚಿಕ್ಕ ಸೈನಿಕ ಸಲ್ಯೂಟ್ ಹೊಡೆದು ಮೊದಲರ್ಧ ಹೇಳಿದರೆ ದೊಡ್ಡ ಅಧಿಕಾರಿ ಉಳಿದರ್ಧ ಹೇಳಬೇಕು. ಅದನ್ನು ನೋಡಿ ನೋಡಿ ಕೆಲಸದವರಿಗೂ ಅಭ್ಯಾಸವಾಯಿತಂತೆ.

ನನಗೆ ಗೊತ್ತಿದ್ದದ್ದು ಇಷ್ಟೇ. ಕ್ಯಾಂಪು ಅಂದರೆ ಡೇರೆ, ಬಾವುಟ, ಕವಾಯತು ಎಂದುಕೊಂಡಿದ್ದೆ.

ನಾವು ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾದ ಮೇಲ್ಮಹಡಿಯಲ್ಲಿ ಮನೆ ಮಾಡಿದೆವು. ಇವರು ಹೋಟೆಲೊಂದರ ಅಡುಗೆಮನೆಯಲ್ಲಿ, ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ. ಇವರು ಮಾತು ಕಡಿಮೆಯ ಮನುಷ್ಯ. "ಇವತ್ತು ಹೋಟೆಲಲ್ಲಿ ಎಂತ ವಿಶೇಷ?" ಎಂದು ಕೇಳಿದರೆ "ಎಂತ ಇಲ್ಲ" ಎನ್ನುತ್ತಾರೆ. ಮರುಗಳಿಗೆಗೆ ಭಾಯಿಯ ಫೋನು ಬರುತ್ತದೆ. ಇವರು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ. ಗಾಜಿನ ಆಚೆಯಿಂದ ಮೊದಲು ಆ ಎರಡು ಪದ, ಆಮೇಲೆ ಅರ್ಧ ಗಂಟೆ ಮಾತು. ಇವತ್ತು ಹೋಟೆಲಿನಲ್ಲಿ ಯಾರೋ ಬಿರಿಯಾನಿ ಹಂಡೆ ಮಗುಚಿದ ಕತೆಯೆಲ್ಲ ನನಗೆ ತಿಳಿಯುತ್ತಿದ್ದದ್ದು ಆ ಗಾಜಿನ ಮೂಲಕ. ನಾನು ಒಳಗೆ ತೊಗರಿಬೇಳೆ ಬೇಯಿಸುತ್ತ, ಕುಕ್ಕರಿನ ಸೀಟಿ ನಡುವೆ ಬಂದು ಮಾತು ತಪ್ಪಿಹೋದರೆ ಸಿಡುಕುತ್ತಿದ್ದೆ.

ಒಂದು ಬೆಳಿಗ್ಗೆ ನಾನೂ ಆ ಆಟದೊಳಗೆ ಸೇರಿಕೊಳ್ಳಲು ನೋಡಿದೆ. ಮದುವೆಯಾಗಿ ಒಂದು ವರ್ಷ ಕಳೆದಿತ್ತೇನೋ. ನೀರುದೋಸೆಯ ತಟ್ಟೆ ಇವರ ಮುಂದಿಟ್ಟು, ಕೈ ಹಣೆಗಿಟ್ಟು, ನಗುತ್ತ, "ಆನರ್ ಫಸ್ಟ್!" ಎಂದೆ.

ಇವರ ಮುಖ ಕಲ್ಲಾಯಿತು.

"ನೀನು ಅದು ಹೇಳ್ಬೇಡ ಮಾರಾಯ್ತಿ."

"ಯಾಕೆ? ಭಾಯಿ ಹೇಳಿದ್ರೆ ಆಗ್ತದೆ, ನಾನು ಹೇಳಿದ್ರೆ ಆಗುದಿಲ್ವಾ?"

"ಅದು ನಿನಗಲ್ಲ," ಎಂದರು. ಚಟ್ನಿ ಹಾಕಿಕೊಂಡು ತಿಂದು ಎದ್ದು ಹೋದರು.

'ಅದು ನಿನಗಲ್ಲ' ಎಂಬ ಮಾತು ನನ್ನೊಳಗೆ ಎಷ್ಟು ವರ್ಷ ಕೂತಿತ್ತು ಎಂದರೆ, ಮಗಳು ಹುಟ್ಟಿ, ಶಾಲೆಗೆ ಸೇರಿ, ನನ್ನಷ್ಟೇ ಎತ್ತರವಾದ ಮೇಲೂ ಭಾಯಿ ಮನೆಗೆ ಬಂದಾಗ ನಾನು ಕೊಡುವ ಚಹಾದಲ್ಲಿ ಸಕ್ಕರೆ ಕಡಿಮೆ ಬೀಳುತ್ತಿತ್ತು. ಪಾಪ, ಅವರು ಒಳ್ಳೆಯವರೇ. ಬರುವಾಗ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ತಮ್ಮ ಮನೆಯಿಂದ ಹೆಂಡತಿ ಮಾಡಿದ ಸಿಹಿ ತರುತ್ತಿದ್ದರು, "ಭಾಭಿ, ನಿಮ್ಮ ಮೀನು ಸಾರಿನ ಹಾಗೆ ದುಬೈಯಲ್ಲಿ ಎಲ್ಲಿಯೂ ಇಲ್ಲ" ಎನ್ನುತ್ತಿದ್ದರು. ಹೊಗಳಿದಷ್ಟೂ ನನಗೆ ಉರಿಯುತ್ತಿತ್ತು. ನನ್ನ ಗಂಡನ ಅತ್ಯಂತ ಒಳ್ಳೆಯ ಭಾಗ ತನ್ನಲ್ಲಿಟ್ಟುಕೊಂಡು ಸಾರು ಹೊಗಳಿದರೆ ಯಾರಿಗೆ ಬೇಕು?

ಹೋದ ವರ್ಷ ಮಗಳು ಹನ್ನೊಂದನೇ ತರಗತಿಯಲ್ಲಿದ್ದಳು. ಅಲ್ ಐನ್‌ನಲ್ಲಿ ನಡೆಯಲಿದ್ದ ಅಂತರಶಾಲಾ ಭಾಷಣ ಸ್ಪರ್ಧೆಗೆ ಅವಳ ಆಯ್ಕೆಯಾಗಿತ್ತು. ಎಲ್ಲ ಶಾಲೆಗಳಿಗೂ ಒಂದು ಧ್ಯೇಯವಾಕ್ಯ ಇರುತ್ತದಲ್ಲ, ಹಾಗಾಗಿ ವಿಷಯವೂ ಅದೇ: ಧ್ಯೇಯವಾಕ್ಯಗಳು. ಮಕ್ಕಳು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. ಇವಳು ಅಪ್ಪನ ಕಪಾಟಿನಿಂದ ಹಳೆಯ ಟೋಪಿಯೊಂದನ್ನು ತೆಗೆದಳು. ಮಣ್ಣುಬಣ್ಣದ ಟೋಪಿ, ಅದರ ಮೇಲೆ ಭಾಯಿ ಕೈಯಾರೆ ಹೊಲಿದ ಅದೇ ನಾಲ್ಕು ಪದ.

ಒಂದು ವಾರ ಅವಳು ಲ್ಯಾಪ್‌ಟಾಪಿನ ಮುಂದಿಂದ ಏಳಲಿಲ್ಲ. ಶನಿವಾರ ಸಂಜೆ, ಇವರು ಕೆಲಸದಲ್ಲಿದ್ದಾಗ, "ಅಮ್ಮ, ಪ್ಲೀಸ್ ಲಿಸನ್. ಫುಲ್ ಸ್ಪೀಚ್ ಹೇಳ್ತೇನೆ," ಎಂದು ನನ್ನನ್ನು ಸೋಫಾದಲ್ಲಿ ಕೂರಿಸಿದಳು.

ನಾನು ಬಟ್ಟೆ ಮಡಚುತ್ತ ಕೇಳತೊಡಗಿದೆ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಹೀಗಿತ್ತು. ಯುದ್ಧದಲ್ಲಿ ಹಿಡಿದವರನ್ನು ಇಡುವ ಬಂಧನ ಶಿಬಿರಗಳ ಗೇಟಿನ ಮೇಲೆ ಸೇನೆಗಳು ಒಳ್ಳೊಳ್ಳೆಯ ಮಾತು ಬರೆಸುತ್ತವೆ. ಗೌರವ, ಕರ್ತವ್ಯ, ಸ್ವಾತಂತ್ರ್ಯ. ಕಾವಲುಗಾರನಿಗೆ ತನ್ನ ಮರ್ಯಾದೆ ನೆನಪಿರಲಿ, ಕೈದಿಯ ಮೇಲೆ ಕೈ ಮಾಡದಿರಲಿ ಎಂದೇ ಬರೆದದ್ದು ಎಂದು ಒಂದು ಪಕ್ಷ ವಾದಿಸುತ್ತದೆ. ವಿಚಾರಣೆ ಇಲ್ಲದೆ ವರ್ಷಗಟ್ಟಲೆ ಮನುಷ್ಯರನ್ನು ಕೂಡಿಹಾಕಿ, ಬಾಗಿಲ ಮೇಲೆ ಸ್ವಾತಂತ್ರ್ಯ ಎಂದು ಬರೆಯುವುದು ಅಣಕ ಎಂದು ಇನ್ನೊಂದು ಪಕ್ಷ. ಯುರೋಪಿನ ಹಳೆಯ ಸಾವಿನ ಶಿಬಿರಗಳ ಗೇಟಿನ ಮೇಲೂ ಸ್ವಾತಂತ್ರ್ಯದ ಸುಳ್ಳೊಂದು ಬರೆದಿತ್ತು.

ನಾನು ಮಡಚುವುದನ್ನು ನಿಲ್ಲಿಸಿದೆ. ಕ್ಯಾಂಪು ಅಂದರೆ ಇದಾ?

ಅವಳು ಮುಂದುವರಿಸಿದಳು. ಅಂಥ ಒಂದು ಶಿಬಿರದಲ್ಲಿ ಒಬ್ಬ ಭಾರತೀಯ ಅಡುಗೆಯವನಿದ್ದ. ಕೈದಿಗಳ ಬೇಲಿಯವರೆಗೆ ಊಟದ ಗಾಡಿ ತಳ್ಳಿಕೊಂಡು ಹೋಗುವುದು ಅವನ ಪಾಳಿ. ಬೇಲಿಯ ಆಚೆ ಒಬ್ಬ ವಯಸ್ಸಾದ ಕೈದಿ. ಅವನು ಹಿಂದೆ ದುಬೈಯಲ್ಲಿ ಲಾರಿ ಓಡಿಸಿದ್ದವನು, ಹಿಂದಿ ಗೊತ್ತಿತ್ತು. ಒಂದು ದಿನ ಮೆಲ್ಲನೆ ಕೇಳಿದ, "ಭಾಯ್, ಆ ಬೋರ್ಡಿನಲ್ಲಿ ಏನು ಬರೆದಿದೆ?" ಅಡುಗೆಯವನು ಹೇಳಿದ, "ಮೊದಲು ಇಜ್ಜತ್, ಯಾವಾಗಲೂ ಆಜಾದಿ." ಮುದುಕ ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದ. ಆಮೇಲೆ ಒಂದೇ ಮಾತು ಕೇಳಿದ. "ಯಾರದ್ದು?"

ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ ಎಂದು ಅಡುಗೆಯವನು ಇವತ್ತಿಗೂ ಹೇಳುತ್ತಾನೆ. ಅವತ್ತು ಅವನು ಗಾಡಿ ತಳ್ಳಿಕೊಂಡು ಹೋದ.

"ಯಾರು ಆ ಅಡುಗೆಯವ?" ಎಂದೆ. ಕೇಳುವಾಗಲೇ ಗೊತ್ತಿತ್ತು.

"ಪಪ್ಪ," ಎಂದಳು. "ಟ್ಯೂಷನ್‌ಗೆ ಬಿಡುವಾಗ ಕಾರಲ್ಲಿ ಹೇಳಿದ್ರು. ಹೀ ಕ್ರೈಡ್, ಅಮ್ಮ. ನಿಂಗೆ ಗೊತ್ತಿಲ್ವಾ?"

"ಗೊತ್ತುಂಟು," ಎಂದು ಎದ್ದು ಅಡುಗೆಮನೆಗೆ ಹೋದೆ.

ಆ ಮುದುಕನ ಬಗ್ಗೆ ಮರುಕ ಬಂದದ್ದು ನಿಜ, ಆದರೆ ಅದು ಆಮೇಲೆ ಬಂತು. ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಯಾವುದೋ ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗ, ಪಕ್ಕದಲ್ಲಿ ಕೂತ ಹದಿನಾರರ ಹುಡುಗಿಗೆ ಇವರು ಕಣ್ಣೀರು ತೋರಿಸಿದ್ದರು. ನನಗೆ ಇಷ್ಟು ವರ್ಷದಲ್ಲಿ ಒಂದು ಹನಿ ಇಲ್ಲ. ನಾನೇ ಹೆತ್ತ ಮಗಳ ಮೇಲೆ ನನಗೆ ಕಿಚ್ಚು ಹತ್ತಿತು. ಆ ಉರಿ ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಯಾರಿಗೂ ಹೇಳುವ ಹಾಗಿಲ್ಲ.

ಇವರು ಬಂದು ಬಟ್ಟೆ ಬದಲಿಸುವವರೆಗೂ ನನಗೆ ತಡೆಯಲಾಗಲಿಲ್ಲ.

"ಅವಳಿಗೆ ಹೇಳಿದ್ರಿ. ನನಗೆ ಯಾಕೆ ಹೇಳ್ಲಿಲ್ಲ?"

"ಎಂತದ್ದು?"

"ಬೇಲಿಯ ಆಚೆಯವನದ್ದು."

ಇವರು ಹಾಸಿಗೆಯ ತುದಿಯಲ್ಲಿ ಕೂತರು. "ಅವಳು ಕೇಳಿದಳು," ಎಂದರು.

"ನಾನು ಕೇಳಿರ್ಲಿಲ್ವಾ? ಎಷ್ಟು ಸಲ ಕೇಳಿದ್ದೇನೆ!"

"ನೀನು ಭಾಯಿಯ ಬಗ್ಗೆ ಕೇಳ್ತಿದ್ದೆ," ಎಂದರು ಇವರು, ತುಂಬ ಮೆಲ್ಲಗೆ. "ಭಾಯಿ ಹತ್ರ ಅಷ್ಟು ಹೊತ್ತು ಎಂತ ಮಾತಾಡ್ತೀರಿ, ಭಾಯಿ ಯಾಕೆ ಅಷ್ಟು ಇಷ್ಟ, ಅಂತ. ಕ್ಯಾಂಪಿನ ಬಗ್ಗೆ ನೀನು ಒಮ್ಮೆಯೂ ಕೇಳಿದ್ದಿಲ್ಲ."

ಹುಡುಕಿದೆ, ಒಂದಾದರೂ ಸಲ ಕೇಳಿದ್ದು ನೆನಪಾಗಲಿ ಎಂದು. ಆಗಲಿಲ್ಲ. ಆಗಲಿಲ್ಲ ಎಂಬುದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮರುವಾರ ಭಾನುವಾರ ಮಧ್ಯಾಹ್ನ ಭಾಯಿ ಬಂದರು. ಕೈಯಲ್ಲಿ ದೊಡ್ಡ ಚೀಲ. ಕ್ಯಾಂಪಿನಲ್ಲಿ ಒಟ್ಟಿಗೆ ಕೆಲಸ ಮಾಡಿದವರು ಈಗ ದುಬೈ, ಶಾರ್ಜಾದಲ್ಲಿ ಹರಡಿಕೊಂಡಿದ್ದಾರಂತೆ. ಅಡುಗೆಯವರು, ಧೋಬಿಗಳು, ಪ್ಲಂಬರುಗಳು. ಎಲ್ಲರನ್ನೂ ಕರೆದು ಕಡಲ ಪಕ್ಕದ ಪಾರ್ಕಿನಲ್ಲಿ ಒಂದು ಊಟ ಇಡುವ ಎಂದು ಭಾಯಿಯ ಯೋಚನೆ. ಅದಕ್ಕೆ ತಮ್ಮ ಅಂಗಡಿಯಲ್ಲೇ ಟೀ ಶರ್ಟು ಮಾಡಿಸಿದ್ದರು. ನೀಲಿ ಬಟ್ಟೆ, ಎದೆಯ ಮೇಲೆ ಹಳದಿ ನೂಲಿನ ನಾಲ್ಕು ಪದ. ಒಂದನ್ನು ಇವರ ಎದೆಗೆ ಹಿಡಿದು ಅಳತೆ ನೋಡಿದರು.

"ಬೇಡ ಭಾಯಿ," ಎಂದರು ಇವರು.

"ಲಾರ್ಜ್ ಉಂಟು, ದೊಡ್ಡದಾದ್ರೆ ಮೀಡಿಯಂ ತಕ್ಕೋ."

"ಅಳತೆ ಅಲ್ಲ. ಆ ಮಾತು ಎದೆ ಮೇಲೆ ಹಾಕಿಕೊಂಡು ಹೊರಗೆ ಹೋಗ್ಲಿಕ್ಕೆ ನನಗೆ ಆಗುದಿಲ್ಲ."

ಭಾಯಿ ನಕ್ಕರು, ತಮಾಷೆಯೆಂದುಕೊಂಡು. ಆಗ ಮಗಳು ಕೋಣೆಯಿಂದ ಬಂದು, "ಅಂಕಲ್, ಅದು ಡಿಟೆನ್ಷನ್ ಕ್ಯಾಂಪ್ ಅಲ್ವಾ? ಅಲ್ಲಿದ್ದವರಿಗೆ ಕೋರ್ಟೇ ಇರ್ಲಿಲ್ಲ. ಅಲ್ಲಿ ಫ್ರೀಡಂ ಅಂತ ಬರೆದದ್ದು ಇನ್‌ಸಲ್ಟ್ ಅಲ್ವಾ?" ಎಂದು ಕೇಳಿಬಿಟ್ಟಳು. ಯುರೋಪಿನ ಶಿಬಿರಗಳ ಮಾತನ್ನೂ ಸೇರಿಸಿದಳು.

ಭಾಯಿಯ ಮುಖ ಕೆಂಪಾಯಿತು. "ಅದಕ್ಕೂ ಇದಕ್ಕೂ ಹೋಲಿಸ್ಬೇಡ ಮಗಳೇ. ಕೊಂದು ಸುಡುವ ಜಾಗ ಅದು. ನಾನು ಹೊಲಿದ ಬ್ಯಾಡ್ಜು ಹಾಕಿಕೊಂಡ ಹುಡುಗರಲ್ಲಿ ಒಳ್ಳೆಯವರೂ ಇದ್ರು, ಕೆಟ್ಟವರೂ ಇದ್ರು. ಅವರ ದೇಶ ಎಂತ ಮಾಡಿತು, ಯಾರನ್ನು ಹಿಡಿಯಿತು, ಅದು ನನ್ನ ಲೆಕ್ಕ ಅಲ್ಲ. ನಮಗೆ ಆ ಮಾತಿನ ಅರ್ಥವೇ ಬೇರೆ." ನನ್ನ ಕಡೆ ತಿರುಗಿದರು. "ಭಾಭಿ, ನೀವಾದ್ರೂ ಹೇಳಿ. ನಿಮಗೆ ಇವನು ಹೇಳಿರ್ಬೇಕಲ್ಲ, ರಾಕೆಟ್ ಬಿದ್ದದ್ದು?"

ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. "ಇಲ್ಲ," ಎಂದೆ.

"ಹೇಳ್ಲಿಲ್ವಾ?" ಭಾಯಿಗೆ ನಂಬಲಾಗಲಿಲ್ಲ. ಅವರೇ ಹೇಳಿದರು. ಸೈರನ್ ಕೂಗಿದರೆ ಎಲ್ಲರೂ ಕಾಂಕ್ರೀಟಿನ ಬಂಕರಿಗೆ ಓಡಬೇಕು. ಒಂದು ದಿನ ಇವರು ಒಲೆ ಆರಿಸಿ ಹೊರಡುವಷ್ಟರಲ್ಲಿ ರಾಕೆಟು ಅಡುಗೆಮನೆಯ ಹಿಂದೆಯೇ ಬಿತ್ತು. "ಎಂತ ಕಾಣುದಿಲ್ಲ ಭಾಭಿ, ಬರೀ ಧೂಳು. ನಾನು ಬಂಕರಿನ ಬಾಯಲ್ಲಿ ನಿಂತು ಕೂಗ್ತಾ ಇದ್ದೇನೆ. ಹೆದರಿಕೆಗೆ ಇವನ ಹೆಸರೇ ಬಾಯಿಗೆ ಬರ್ಲಿಲ್ಲ. ದಿನಾ ಹೊಲಿಯುವ ಮಾತೇ ಬಂತು. ಆನರ್ ಫಸ್ಟ್, ಆನರ್ ಫಸ್ಟ್ ಅಂತ ಕೂಗಿದೆ. ಉತ್ತರ ಇಲ್ಲ. ಖಲಾಸ್ ಅಂದುಕೊಂಡೆ. ಆಮೇಲೆ ಆ ಧೂಳಿನ ಒಳಗಿಂದ ಕೆಮ್ಮಿಕೊಂಡು ಇವನ ದನಿ, ಫ್ರೀಡಂ ಆಲ್ವೇಸ್ ಅಂತ. ಅಂದಿನಿಂದ ಅದು ನಮ್ಮ ಮಾತು. 'ಬದುಕಿದ್ದೀಯಾ?' 'ಬದುಕಿದ್ದೇನೆ.' ಅಷ್ಟೇ ಅರ್ಥ. ಗೇಟಿನವರದ್ದಲ್ಲ ಅದು."

ನೀರುದೋಸೆಯ ಬೆಳಿಗ್ಗೆ ಇವರ ಮುಖ ಯಾಕೆ ಹಾಗಾಯಿತು ಎಂದು ಆಗ ಗೊತ್ತಾಯಿತು. ಗೊತ್ತಾದರೂ ಸಮಾಧಾನವಾಗಲಿಲ್ಲ. ಇವರು ಸಾಯುವುದರಲ್ಲಿದ್ದರು ಎಂಬುದನ್ನೂ ನಾನು ಭಟ್ಕಳದ ಟೈಲರೊಬ್ಬರಿಂದ ಕೇಳಬೇಕಾಯಿತಲ್ಲ! ಮಗಳಿಗೊಂದು ಪಾಲು, ಭಾಯಿಗೊಂದು ಪಾಲು, ನನಗೆ ಮಾತ್ರ ಒಗೆಯುವ ಶರ್ಟು.

"ನಿಮ್ಮ ಅರ್ಥ ಓಕೆ ಅಂಕಲ್," ಮಗಳ ದನಿ ಸಣ್ಣದಾಗಿತ್ತು. "ಆದ್ರೆ ಆ ಓಲ್ಡ್ ಮ್ಯಾನ್‌ಗೆ ಪಪ್ಪ ಎಂತ ಹೇಳ್ಬೇಕಿತ್ತು?"

"ಯಾವ ಓಲ್ಡ್ ಮ್ಯಾನ್?"

ಅವಳು ಅಪ್ಪನನ್ನು ನೋಡಿದಳು. ಇವರು ತಲೆ ತಗ್ಗಿಸಿಕೊಂಡೇ ಬೇಲಿಯ ಕತೆಯನ್ನು ಹೇಳಿದರು, ನಾಲ್ಕೈದು ಮಾತಿನಲ್ಲಿ.

ನಾನು ಭಾಯಿಯನ್ನೇ ನೋಡುತ್ತಿದ್ದೆ. ಮುದುಕನ ಪ್ರಶ್ನೆ ಬರುವ ಮೊದಲೇ ಅವರ ಮುಖದಲ್ಲಿ ಏನೋ ಇಳಿದುಹೋಯಿತು. "ನನಗೆ ಹೇಳ್ಲಿಲ್ಲ ನೀನು," ಎಂದರು. "ಒಂದೇ ಕಂಟೇನರ್ ಕೋಣೆಯಲ್ಲಿ ಮಲಗ್ತಿದ್ದೆವು. ಮೇಲಿನ ಮಂಚ ನಿಂದು, ಕೆಳಗಿನದು ನಂದು. ಇಷ್ಟು ವರ್ಷ ಫೋನು. ನನಗೆ ಹೇಳ್ಲಿಲ್ಲ."

"ನೀನು ಆ ಬ್ಯಾಡ್ಜು ಹೊಲೀತಿದ್ದಿ ಭಾಯಿ. ಹೇಗೆ ಹೇಳುದು?"

ಭಾಯಿ ಮಗಳನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿದ್ದ ನೋಟ. ಬಾಲ್ಕನಿಯ ಗಾಜಿನಲ್ಲಿ ನನ್ನದೇ ಪ್ರತಿಬಿಂಬದಲ್ಲಿ ಎಷ್ಟೋ ಸಂಜೆ ಕಂಡಿದ್ದೆ. ಈ ಮನುಷ್ಯನಿಗೂ ಎಲ್ಲ ಸಿಕ್ಕಿರಲಿಲ್ಲ. ಒಂದು ಕ್ಷಣ ನನಗೆ ಖುಷಿಯಾಯಿತು. ಆಮೇಲೆ ಅವರ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕಿ ಕೊಟ್ಟೆ. ಅವರು ಕುಡಿಯಲಿಲ್ಲ. ಶರ್ಟುಗಳನ್ನು ಚೀಲಕ್ಕೆ ತುಂಬಿಕೊಂಡು, "ಯಲ್ಲಾ, ಬರ್ತೇನೆ," ಎಂದು ಇಳಿದು ಹೋದರು.

ಆಮೇಲೆ ಫೋನು ನಿಂತಿತು. ಪಾರ್ಕಿನ ಊಟದ ದಿನ ಇವರು ಹೋಗಲಿಲ್ಲ. ಅವತ್ತು ನಾವಿಬ್ಬರೂ ಕಾರ್ನಿಷ್‌ನಲ್ಲಿ ಸಮುದ್ರ ನೋಡುತ್ತ ಕೂತೆವು. ನಾನು ವರ್ಷಗಟ್ಟಲೆ ಬಯಸಿದ್ದು ಇದನ್ನೇ: ಭಾಯಿ ಇಲ್ಲದ ಒಂದು ಭಾನುವಾರ. ಇವರು ಮೆಕ್ಕೆಜೋಳದ ತೆನೆ ತಿನ್ನುತ್ತ ಮತ್ತೆ ಮತ್ತೆ ಮೊಬೈಲು ನೋಡಿದರು. ಯಾರೋ ಊಟದ ಫೋಟೊ ಕಳಿಸಿದ್ದರು. ಸಾಲಾಗಿ ನಿಂತ ನೀಲಿ ಶರ್ಟುಗಳು, ನಡುವೆ ಇಬ್ಬರು ಮೂವರು ಬೇರೆ ಶರ್ಟು ಹಾಕಿದವರು. ಅವರಲ್ಲೊಬ್ಬರು ಭಾಯಿ. ಇವರು ಆ ಫೋಟೊವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಪಕ್ಕದಲ್ಲಿ ಕೂತ ನಾನು ಆ ಬೆರಳಿನ ಮೇಲೂ ಹೊಟ್ಟೆಕಿಚ್ಚುಪಟ್ಟೆ.

"ಫೋನು ಮಾಡಿ," ಎಂದೆ ಕೊನೆಗೆ. ಹೇಳಲು ಕಷ್ಟವಾಯಿತು.

"ಎಂತ ಹೇಳುದು?"

"ಅಲ್ ಐನ್‌ಗೆ ಬರ್ಲಿಕ್ಕೆ ಹೇಳಿ. ಇವಳ ಭಾಷಣ ಉಂಟಲ್ಲ."

ಇವರು ಫೋನು ಮಾಡಲಿಲ್ಲ, ಜಾಗ ಮತ್ತು ಸಮಯ ಮಾತ್ರ ಮೆಸೇಜು ಮಾಡಿದರು.

ಸ್ಪರ್ಧೆಯ ದಿನ ಭಾಯಿ ಬಂದಿದ್ದರು. ದುಬೈಯಿಂದ ಅಂಗಡಿ ಮುಚ್ಚಿ ಬಂದು, ಹಿಂದಿನ ಸಾಲಿನಲ್ಲಿ ಕೂತಿದ್ದರು. ಟೀಚರ್ ಹೇಳಿದ್ದರಿಂದ ಮಗಳು ಯಾವ ದೇಶದ, ಯಾವ ಸೇನೆಯ ಹೆಸರನ್ನೂ ಎತ್ತಲಿಲ್ಲ. ಆದರೆ ಭಾಷಣವನ್ನು ಬದಲಿಸಿದ್ದಳು. ಯುರೋಪಿನ ಮಾತು ತೆಗೆದಿದ್ದಳು. ಬಂಕರಿನ ಬಾಗಿಲಲ್ಲಿ ನಿಂತು ಕೂಗಿದ ಟೈಲರನ್ನೂ, ಬೇಲಿಯ ಆಚೆ ನಿಂತು ಕೇಳಿದ ಮುದುಕನನ್ನೂ ಒಂದರ ಪಕ್ಕ ಒಂದು ಇಟ್ಟಳು. ಒಂದೇ ಬೋರ್ಡಿನ ಕೆಳಗೆ ಈ ಎರಡೂ ನಡೆದವು, ಒಂದರಿಂದ ಇನ್ನೊಂದನ್ನು ಅಳಿಸಲು ನನಗೆ ಬರುವುದಿಲ್ಲ, ಎಂದಳು. ಅವಳಿಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಸೋಲಾರ್ ಶಕ್ತಿಯ ಕಂಪನಿಗಳ ಧ್ಯೇಯವಾಕ್ಯದ ಬಗ್ಗೆ ಮಾತಾಡಿದ ಹುಡುಗನಿಗೆ ಹೋಯಿತು, ಅವನೂ ಚೆನ್ನಾಗಿಯೇ ಮಾತಾಡಿದ.

ಹೊರಗೆ ಪಾರ್ಕಿಂಗಿನಲ್ಲಿ ಭಾಯಿ ಮತ್ತು ಇವರು ಎದುರುಬದುರಾದರು. ಭಾಯಿಯ ಬಲಗೈ ಅಭ್ಯಾಸದಿಂದ ಅರ್ಧ ಮೇಲೆ ಹೋಯಿತು. ಅಲ್ಲಿಯೇ ನಿಂತಿತು. ಆ ಕೈಯಿಂದಲೇ ಇವರ ಭುಜ ಹಿಡಿದು, "ಊಟ ಆಯ್ತಾ?" ಎಂದರು.

"ಇಲ್ಲ ಮಾರಾಯ. ನಿಂದು?"

ಅಷ್ಟಕ್ಕೇ ಇಬ್ಬರ ಕಣ್ಣೂ ತುಂಬಿತು. ನಾವೆಲ್ಲ ಸೇರಿ ಹತ್ತಿರದ ಹೋಟೆಲಿನಲ್ಲಿ ಊಟ ಮಾಡಿದೆವು. ಈಗಲೂ ಭಾಯಿ ಫೋನು ಮಾಡುತ್ತಾರೆ, ಇವರು ಈಗಲೂ ಬಾಲ್ಕನಿಗೆ ಹೋಗುತ್ತಾರೆ. ಆ ನಾಲ್ಕು ಪದ ಮಾತ್ರ ಕೇಳಿಸುವುದಿಲ್ಲ.

ಅವತ್ತು ಮಗಳು ಗೆಳತಿಯರ ಜೊತೆ ಶಾಲೆಯ ಬಸ್ಸಿನಲ್ಲಿ ಹೊರಟಳು. ಅಬುಧಾಬಿಯ ದಾರಿಯಲ್ಲಿ ಕಾರಿನಲ್ಲಿ ನಾವಿಬ್ಬರೇ. ಎರಡೂ ಕಡೆ ಮರಳು, ಅಲ್ಲಲ್ಲಿ ನೆಟ್ಟ ಗಾಫ್ ಮರಗಳು. ನಾನು ಮೊದಲ ಬಾರಿಗೆ ಕೇಳಿದೆ.

"ಕ್ಯಾಂಪು ಹೇಗಿತ್ತು?"

ಇವರು ರಸ್ತೆ ನೋಡುತ್ತಲೇ ಹೇಳತೊಡಗಿದರು. ಬೇಸಿಗೆಯಲ್ಲಿ ಅಡುಗೆಮನೆಯ ತಗಡು ಹೇಗೆ ಟಪಟಪ ಅನ್ನುತ್ತಿತ್ತು. ಕೈದಿಗಳಿಗೆ ಅನ್ನ ಬೇರೆ ಹಂಡೆಯಲ್ಲಿ, ಸೈನಿಕರಿಗೆ ಬೇರೆ. ಆ ಮುದುಕ ಪ್ರಶ್ನೆ ಕೇಳಿದ ಮರುದಿನ ಇವರು ಸೂಪರ್‌ವೈಸರ್ ಹತ್ತಿರ ಹೋಗಿ, ಗಾಡಿ ಪಾಳಿ ಬೇಡ, ಬ್ರೆಡ್ ಮಾಡುವ ಕಡೆ ಹಾಕಿ ಎಂದು ಕೇಳಿಕೊಂಡರಂತೆ. ಮುದುಕನ ಮುಖ ನೋಡುವ ಧೈರ್ಯವಿರಲಿಲ್ಲವಂತೆ. ಆಮೇಲೆ ಅವನು ಏನಾದ ಎಂದು ಗೊತ್ತಿಲ್ಲ. ಈಗಲೂ ರಸ್ತೆ ಬದಿಯ ಚಹಾ ಅಂಗಡಿಗಳಲ್ಲಿ ವಯಸ್ಸಾದ ಲಾರಿ ಡ್ರೈವರುಗಳು ಕಂಡರೆ ಒಮ್ಮೆ ಮುಖ ನೋಡುತ್ತಾರಂತೆ.

"ಅವನಿಗೆ ಹೆಸರಿರ್ಲಿಲ್ವಾ?" ಎಂದೆ. "ಇವಳು ಭಾಷಣದಲ್ಲಿ ಬರೇ ಮುದುಕ ಅಂದಳು."

"ಅಲ್ಲಿ ಎಲ್ಲರಿಗೂ ನಂಬರು. ಅವಳು ಕೇಳಿದಳು, ಗೊತ್ತಿಲ್ಲ ಅಂತ ಹೇಳಿದೆ."

ಸ್ವಲ್ಪ ದೂರ ಹೋದ ಮೇಲೆ ಹೇಳಿದರು, "ಗೊತ್ತುಂಟು. ಅವನೇ ಹೇಳಿದ್ದ, ಒಂದು ಸಲ, ಅನ್ನ ಹಾಕುವಾಗ."

ಇವರು ಆ ಹೆಸರನ್ನು ನನಗೆ ಹೇಳಿದರು. ಇನ್ನೊಂದು ಸಲ ಹೇಳಿ ಎಂದೆ, ಇನ್ನೊಂದು ಸಲ ಹೇಳಿದರು. ಭಾಯಿಗೆ ಆ ಹೆಸರು ಗೊತ್ತಿಲ್ಲ. ಅಪ್ಪನಿಗೆ ಗೊತ್ತಿರಲೇಬೇಕೆಂದು ಮಗಳು ಎಷ್ಟೋ ಸಲ ಕೆದಕಿದ್ದಾಳೆ, ನಾನು ಬಾಯಿ ಬಿಟ್ಟಿಲ್ಲ. ಇಲ್ಲಿಯೂ ಬರೆಯುವುದಿಲ್ಲ.